ಮನೆಮಗಳೆಂದು ಬರೆದ ಪತ್ರ

ನಮ್ಮ ಕನ್ನಡ ಬಳಗದಲ್ಲಿ ಸನ್ಮಾನ ಪತ್ರ ಬರೆಯುವ ಕೆಲಸ ನನ್ನದು. ಯಾರೂ ಆರಿಸಿ ಕೊಟ್ಟದ್ದಲ್ಲ. ಒಂದು ವರ್ಷ ಬರೆದುಕೊಟ್ಟೆ, ಮರುವರ್ಷವೂ ಫೋನ್ ಬಂತು, ಅಂಟಿಕೊಂಡಿತು. ಊರಿನಿಂದ ಬಂದ ಹಾಡುಗಾರರು, ಮಗನ ಮನೆಗೆ ಆರು ತಿಂಗಳಿಗೆಂದು ಬಂದ ನಿವೃತ್ತ ಹೆಡ್‌ಮಾಸ್ಟರು, ಹಬ್ಬಕ್ಕೆ ನೂರೈವತ್ತು ಜನರಿಗೆ ಬಿಸಿಬೇಳೆಬಾತ್ ಮಾಡಿಕೊಟ್ಟವರು, ಯಾರೇ ಆಗಲಿ, ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಅದರ ಜೊತೆ ಚೌಕಟ್ಟು ಹಾಕಿಸಿದ ನನ್ನ ಹತ್ತು ಸಾಲು. ಆ ಹತ್ತು ಸಾಲಿನಲ್ಲಿ ಎಲ್ಲರೂ ಕನ್ನಡಾಂಬೆಯ ಹೆಮ್ಮೆಯ ಮಕ್ಕಳು. ಎಲ್ಲರ ಕೀರ್ತಿಯೂ ನಾಡಿನ ಉದ್ದಗಲಕ್ಕೆ ಹರಡಿರುತ್ತದೆ. ನಿಜವೋ ಸುಳ್ಳೋ ಎಂದು ಯಾರೂ ತೂಗಿ ನೋಡುವುದಿಲ್ಲ. ಓದಿ ಮುಗಿದರೆ ಊಟ.

ಅಂಥ ಒಂದು ಪತ್ರವನ್ನು ಸರ್ಕಾರದ ಅಧಿಕಾರಿಯೊಬ್ಬಳು ಮೇಜಿನ ಮೇಲೆ ಹರಡಿಕೊಂಡು, ಸಾಲಿನ ಕೆಳಗೆ ಪೆನ್ನು ಇಟ್ಟು ಓದುತ್ತಾಳೆ, ಆ ಕೋಣೆಯಲ್ಲಿ ನಾನೂ ಕೂತಿರುತ್ತೇನೆ ಎಂದು ನನಗೆ ಹೊಳೆದಿರಲಿಲ್ಲ.

ಯಾಂಗ್ಚೆನ್ ಸಿಕ್ಕಿದ್ದು ತೊಂಬತ್ತೇಳರ ಬೇಸಿಗೆಯಲ್ಲಿ, ವರ್ಜೀನಿಯಾದ ಹರ್ನ್‌ಡನ್‌ನ ಇಂಡಿಯನ್ ಗ್ರಾಸರಿ ಅಂಗಡಿಯಲ್ಲಿ. ಎರಡು ವರ್ಷದ ಪ್ರತೀಕ್ ಬಿಸ್ಕತ್ತಿನ ಪೊಟ್ಟಣಕ್ಕಾಗಿ ನೆಲದ ಮೇಲೆ ಉರುಳಾಡುತ್ತಿದ್ದ. ನನಗೆ ಅವನನ್ನು ಎತ್ತುವ ಶಕ್ತಿಯೂ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಕೂತರೆ ಮೂರಕ್ಕೆ ಬಿಡುಗಡೆ, ಆಮೇಲೆ ಇಬ್ಬರು ಮಕ್ಕಳನ್ನು ಎರಡು ಕಡೆಯಿಂದ ಎತ್ತಿಕೊಂಡು ಬರಬೇಕು. ಗಂಡ ಗುರುದತ್ ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಎರಡು ಸಾವಿರನೇ ಇಸವಿಗೆ ಹಳೆಯ ಪ್ರೋಗ್ರಾಂಗಳು ಕೆಡದಂತೆ ತಿದ್ದುವ ಕಾಂಟ್ರಾಕ್ಟ್ ಹಿಡಿದಿದ್ದರು. ಅಲ್ಲೇ ಹತ್ತಿರದ ಫೋರ್ಟ್ ಮಿಲ್‌ನಲ್ಲಿ ಇನ್ನಿಬ್ಬರ ಜೊತೆ ರೂಮು. ಎರಡು ವಾರಕ್ಕೊಮ್ಮೆ ಏಳು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಭಾನುವಾರ ಊಟ ಮಾಡಿ ಹೊರಟುಬಿಡುತ್ತಿದ್ದರು.

ಅಂಗಡಿಯ ಹಿಂದಿನ ಕೋಣೆಯಿಂದ, ಕೈಯೆಲ್ಲ ಬೇಳೆಯ ಧೂಳಾಗಿದ್ದ ಒಬ್ಬ ಹೆಂಗಸು ಬಂದು ಪ್ರತೀಕನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅಗಲ ಮುಖ, ಬಿಸಿಲು ತಿಂದ ಕೆನ್ನೆ, ಚಿಕ್ಕ ಕಣ್ಣು.

"ಏ ಮರಿ, ಎದ್ದೇಳು. ನೀನು ಅತ್ತು ನೆಲ ಒದ್ದೆ ಮಾಡಿದ್ರೆ ಆ ಸೇಟು ನನ್ನ ಕೈಲಿ ಒರೆಸ್ತಾನೆ."

ಪ್ರತೀಕ್ ಅಳು ನಿಲ್ಲಿಸಿದ. ಅವನಿಗಿಂತ ಹೆಚ್ಚು ಬಾಯಿ ಬಿಟ್ಟವಳು ನಾನು.

"ನಿಮಗೆ ಕನ್ನಡ ಬರುತ್ತಾ?"

"ಬರದೆ ಏನಕ್ಕ. ಏಳು ವರ್ಷ ಬೈಲುಕುಪ್ಪೆ ಕ್ಯಾಂಪಲ್ಲಿದ್ದೆ. ಚಳಿಗಾಲದಲ್ಲಿ ಮೈಸೂರಿಗೆ ಬಂದು ಸ್ವೆಟರ್ ಮಾರೋದು. ನಿಮ್ಮ ಮೈಸೂರೋರು ಐದು ರೂಪಾಯಿಗೆ ಒಂದು ಗಂಟೆ ನಿಲ್ಲಿಸಿ ಮಾತಾಡಿಸ್ತಾರೆ. ಕನ್ನಡ ಬರದೆ ಹೆಂಗೆ ಇರ್ತದೆ."

ತಿಂಗಳೊಳಗೆ ಅವಳು ಪ್ರತೀಕನನ್ನು ನೋಡಿಕೊಳ್ಳುವ ಕೆಲಸಕ್ಕೆಂದು ನಮ್ಮ ಬೇಸ್‌ಮೆಂಟಿಗೆ ಬಂದಳು. ಪ್ರತೀಕ್ ದಿನವಿಡೀ ಅವಳ ಜೊತೆ. ನನ್ನ ಮಗಳು ನಿಧಿ ಒಂಬತ್ತು ವರ್ಷವಾದರೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಪ್ರತೀಕ್ ಮಾತ್ರ ಆರು ತಿಂಗಳಲ್ಲಿ ಕುಶಾಲನಗರದ ಸಂತೆಯಲ್ಲಿ ಹುಟ್ಟಿದವನಂತೆ ಮಾತಾಡತೊಡಗಿದ. ಒಂದು ದಿನ ನಾನು ಸ್ನಾನಕ್ಕೆ ಕರೆದರೆ, "ಲಾಸ್ಟ್ ರೇಟು ಹೇಳು" ಅಂದ.

ಅವಳ ಕಥೆಯನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ. ಎಂಬತ್ತೊಂಬತ್ತರಲ್ಲಿ ಲಾಸಾದಲ್ಲಿ ಚೀನಾ ಪೊಲೀಸರು ಅವಳ ಅಣ್ಣನನ್ನು ಹಿಡಿದುಕೊಂಡು ಹೋದರು. ನಾಲ್ಕು ದಿನ ಬಿಟ್ಟು ಅವಳನ್ನೂ. ಅಣ್ಣ ವಾಪಸ್ಸು ಬರಲಿಲ್ಲ. ಎರಡು ತಿಂಗಳ ನಂತರ ಅವಳನ್ನು ಬಿಟ್ಟರು. ಆ ಎರಡು ತಿಂಗಳಲ್ಲಿ ಏನೇನಾಯಿತೆಂದು ಹೇಳುವಾಗ ಅವಳು ತಲೆ ಎತ್ತಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಹಿಮದ ಮೇಲೆ ಇಪ್ಪತ್ತೆರಡು ದಿನ ನಡೆದು ನೇಪಾಳ, ಅಲ್ಲಿಂದ ಬೈಲುಕುಪ್ಪೆ. ಅಲ್ಲಿ ಲಾರಿ ಡ್ರೈವರ್ ಒಬ್ಬನನ್ನು ಮದುವೆಯಾದಳು. ಅವನು ಕ್ಷಯ ಬಂದು ಸತ್ತ. ಮಗಳು ಪಾಸಂಗ್ ಕ್ಯಾಂಪಿನ ಶಾಲೆಯ ಹಾಸ್ಟೆಲ್‌ನಲ್ಲಿ. ತೊಂಬತ್ತಾರರ ಕೊನೆಗೆ ಕರಕುಶಲ ವಸ್ತು ಮಾರುವ ತಂಡವೊಂದರ ಜೊತೆ ವಿಸಿಟರ್ ವೀಸಾದಲ್ಲಿ ಅಮೆರಿಕಕ್ಕೆ ಬಂದವಳು ಇಲ್ಲೇ ಉಳಿದಳು. ಇಲ್ಲಿ ಆಶ್ರಯ ಸಿಕ್ಕರೆ ಮಗಳನ್ನು ಕರೆಸಿಕೊಳ್ಳಬಹುದು ಎಂದು ಯಾರೋ ಹೇಳಿದ್ದರು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಬಂದಾಗ ಆರು ವರ್ಷ ಅದಕ್ಕೆ" ಅಂದಳು. "ಈಗ ಫೋನಲ್ಲಿ ನನ್ನನ್ನ ಬಹುವಚನದಲ್ಲಿ ಮಾತಾಡಿಸ್ತದೆ. ದೊಡ್ಡೋರ ಥರ."

ಆ ನವೆಂಬರ್ ರಾಜ್ಯೋತ್ಸವಕ್ಕೆ ಅವಳನ್ನು ಕರೆದುಕೊಂಡು ಹೋದೆ. ಬಿಟ್ಟು ಹೋದರೆ ಪ್ರತೀಕನನ್ನು ಹಿಡಿಯುವವರು ಯಾರು ಎಂಬ ಸ್ವಾರ್ಥವೂ ಇತ್ತು. ಶಾಲೆಯ ಕೆಫೆಟೇರಿಯಾದಲ್ಲಿ ಕಾರ್ಯಕ್ರಮ. ಬಳಗದ ಅಧ್ಯಕ್ಷರು ದತ್ತಾತ್ರೇಯ ಅಂಕಲ್, ಸೇತುವೆ ಕಟ್ಟುವ ಎಂಜಿನಿಯರ್ ಆಗಿ ನಿವೃತ್ತರಾದವರು, ಇಪ್ಪತ್ತೆಂಟು ವರ್ಷದಿಂದ ವರ್ಜೀನಿಯಾದಲ್ಲಿದ್ದರೂ ಮನೆಯಲ್ಲಿ ಇಂಗ್ಲಿಷ್ ಮಾತಾಡಿದ ಮೊಮ್ಮಕ್ಕಳಿಗೆ ಚಾಕಲೇಟ್ ಕೊಡದವರು. ಯಾಂಗ್ಚೆನ್ ಪಂಕ್ತಿಯಲ್ಲಿ "ಸಾಂಬಾರಿಗೆ ಉಪ್ಪು ಕಮ್ಮಿ ಆಗಿದೆ, ಯಾರಿಗೂ ಹೇಳಲಿಲ್ವಾ?" ಅಂದದ್ದು ಅವರ ಕಿವಿಗೆ ಬಿತ್ತು.

"ಶೈಲಜಾ, ಯಾರಮ್ಮ ಇವರು?" ಅವರ ಕಣ್ಣು ತುಂಬಿತ್ತು. "ಇವರನ್ನ ಸ್ಟೇಜ್ ಮೇಲೆ ಕರೀಲೇಬೇಕು. ನಮ್ಮ ಮಕ್ಕಳಿಗೆ ಸ್ವಲ್ಪ ನಾಚಿಕೆ ಆಗ್ಲಿ."

ಡಿಸೆಂಬರಿನಲ್ಲಿ ಮತ್ತೆ ಕರೆಸಿ ವಿಧಿವತ್ತಾಗಿ ಸನ್ಮಾನ ಮಾಡಿದರು. ಯಾಂಗ್ಚೆನ್ ಮೈಕ್ ಹಿಡಿದು ಮೈಸೂರಿನ ಹೆಂಗಸೊಬ್ಬಳು ಒಂದು ಮಂಕಿ ಕ್ಯಾಪಿಗೆ ಮೂರು ದಿನ ಚೌಕಾಸಿ ಮಾಡಿದ್ದನ್ನು ಇಬ್ಬರ ದನಿಯಲ್ಲೂ ಹೇಳಿದಳು. ಜನ ಬಿದ್ದು ಬಿದ್ದು ನಕ್ಕರು. ನನ್ನ ಹತ್ತು ಸಾಲನ್ನು ದತ್ತಾತ್ರೇಯ ಅಂಕಲ್ ಓದಿದರು. ಕನ್ನಡ ನೆಲ ಈಕೆಯನ್ನು ತನ್ನ ಮಗಳೆಂದು ಮಡಿಲಿಗೆ ಹಾಕಿಕೊಂಡಿತು, ಈಕೆ ನಮ್ಮ ಮನೆಮಗಳು, ಕಾವೇರಿಯ ತೀರದಲ್ಲಿ ಮನೆ ಮಾಡಿ ನೆಲೆಯೂರಿದ ಅಪ್ಪಟ ಕನ್ನಡತಿ. ಹೀಗೆ.

ಫೆಬ್ರವರಿಯಲ್ಲಿ ಗೊತ್ತಾಯಿತು, ಕಾಲ ಮೀರುತ್ತಿದೆ ಎಂದು. ಆರ್ಲಿಂಗ್ಟನ್ ಕಡೆಯ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಶನಿವಾರ ಫಾರ್ಮು ತುಂಬಿಕೊಡುತ್ತಾರೆಂದು ಕೇಳಿ ಹೋಗಿದ್ದೆವು. ಬಿಳಿಗೂದಲಿನ ವಾಲಂಟಿಯರ್ ಹೆಂಗಸು ಬಂದ ತಾರೀಖು ಕೇಳಿ ಕನ್ನಡಕ ತೆಗೆದಳು. ಮೊದಲಾದರೆ ಯಾವಾಗ ಬೇಕಾದರೂ ಆಶ್ರಯ ಕೇಳಬಹುದಿತ್ತು. ಹೊಸ ಕಾನೂನು ಬಂದು ಈಗ ಬಂದ ಒಂದು ವರ್ಷದೊಳಗೆ ಕೇಳಬೇಕು. ಅದಕ್ಕೆ ಮೊದಲೇ ಬಂದವರಿಗೆ ಬರುವ ಏಪ್ರಿಲ್ ಒಂದರವರೆಗೆ ಗಡುವು. ಅದು ದಾಟಿದರೆ ಬಾಗಿಲು ಮುಚ್ಚಿದ ಹಾಗೆ.

"ಇಷ್ಟು ದಿನ ಯಾಕೆ ಕೇಳಲಿಲ್ಲ?" ಎಂದಳು ವಾಲಂಟಿಯರ್.

ನಾನು ಯಾಂಗ್ಚೆನ್‌ಗೆ ಕೇಳಿದೆ.

"ಬಂದ ಕೂಡಲೇ ಕೈ ಚಾಚೋದು ಹೆಂಗಕ್ಕ" ಅಂದಳು. "ಒಂದು ವರ್ಷ ಕೆಲಸ ಮಾಡಿ ತೋರ್ಸಿ, ಆಮೇಲೆ ಕೇಳಿದ್ರೆ ಮರ್ಯಾದೆ ಅಂತ ಇದ್ದೆ."

ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಅರ್ಜಿ ಹಾಕಿದವರಿಗೆ ಕೂಡಲೇ ಕೆಲಸದ ಪರವಾನಗಿ ಕೊಡುವುದನ್ನೂ ಈ ದೇಶ ಕೆಲವು ವರ್ಷದ ಹಿಂದೆ ನಿಲ್ಲಿಸಿತ್ತು. ಅಂದರೆ ಅವಳು ಮರ್ಯಾದೆಗೆಂದು ಮಾಡಿ ತೋರಿಸುತ್ತಿದ್ದ ಕೆಲಸವನ್ನು, ಪರವಾನಗಿಯಿಲ್ಲದ್ದರಿಂದ, ಅಲ್ಲಿ ಹೇಳುವ ಹಾಗೇ ಇರಲಿಲ್ಲ. ಆ ಕೆಲಸ ಕೊಟ್ಟಿದ್ದವಳು ನಾನು.

ಸಂದರ್ಶನಕ್ಕೆ ದುಭಾಷಿಯನ್ನು ನಾವೇ ಕರೆದುಕೊಂಡು ಹೋಗಬೇಕು ಎಂದರು. ಟಿಬೆಟನ್ ಬರುವ ಒಬ್ಬ ಗಂಡಸಿನ ನಂಬರು ಕೊಟ್ಟರು. ಯಾಂಗ್ಚೆನ್ ಆ ಚೀಟಿ ಮಡಚಿ ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಅವನು ನನ್ನ ಗಂಡನ ಕಡೆಯೋರಿಗೆ ಗೊತ್ತಿರೋನು. ಜೈಲಲ್ಲಾದ್ದೆಲ್ಲ ಅವನ ಬಾಯಿಂದ ಹೇಳ್ಸಲಾ? ನಾಳೆ ನನ್ನ ಮಗಳ ಕಿವಿಗೆ ಬೀಳ್ತದೆ. ನೀವು ಬನ್ನಿ. ಕನ್ನಡದಲ್ಲಿ ಹೇಳ್ತೀನಿ."

ನಾನು ಒಪ್ಪಿಕೊಂಡೆ. ಒಳಗೊಳಗೆ ಹೆಮ್ಮೆಯೂ ಆಯಿತು. ಅಮೆರಿಕದ ಸರ್ಕಾರಿ ಕೋಣೆಯಲ್ಲಿ ಕನ್ನಡ.

"ನಿಮ್ಮ ಸಮುದಾಯದಿಂದ ಒಂದು ಪತ್ರ ಇದ್ದರೆ ತನ್ನಿ, ಒಳ್ಳೆಯ ನಡತೆಯವಳೆಂದು" ಎಂದಿದ್ದಳು ವಾಲಂಟಿಯರ್. ಮಾರ್ಚಿನ ಕೊನೆಯ ವಾರ. ಪ್ರತೀಕನಿಗೆ ಕಿವಿನೋವು, ನಿಧಿಗೆ ಸೈನ್ಸ್ ಫೇರ್, ಆಸ್ಪತ್ರೆಯಲ್ಲಿ ಇಬ್ಬರು ರಜೆ. ಹೊಸದಾಗಿ ಕೂತು ಬರೆಯಲು ನನಗೆಲ್ಲಿ ಪುರಸೊತ್ತು? ಫೈಲಿನಲ್ಲಿದ್ದ ಸನ್ಮಾನ ಪತ್ರವನ್ನೇ ತೆಗೆದು, ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ ಇಂಗ್ಲಿಷಿಗೆ ಇಳಿಸಿದೆ. ಮೇಲೊಂದು ತಾರೀಖು, ಕೆಳಗೊಂದು ದಯವಿಟ್ಟು ಪರಿಗಣಿಸಿ. ದತ್ತಾತ್ರೇಯ ಅಂಕಲ್ ಬಳಗದ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಸಹಿ ಹಾಕಿ, ಮುದ್ರೆ ಒತ್ತಿ, ಇನ್ನೂ ಒಂದು ಕಾಪಿ ತಮ್ಮ ಆಲ್ಬಮ್ಮಿಗೆ ಇಟ್ಟುಕೊಂಡರು. ಗಡುವಿಗೆ ಮೂರು ದಿನ ಮೊದಲು ಅರ್ಜಿ ಹೋಯಿತು.

ಮೇ ತಿಂಗಳ ಒಂದು ಗುರುವಾರ ಸಂದರ್ಶನ. ಕಿಟಕಿಯಿಲ್ಲದ ಚಿಕ್ಕ ಕೋಣೆ, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ಅಧಿಕಾರಿ ನನ್ನ ವಯಸ್ಸಿನವಳೇ, ಅವಳ ಮುಖದಲ್ಲೂ ನಿದ್ದೆ ಸಾಲದ ಗುರುತು. ಒರಟಾಗಿ ಒಂದು ಮಾತೂ ಆಡಲಿಲ್ಲ. ಮೊದಲು ನನ್ನ ಕೈ ಎತ್ತಿಸಿದಳು.

"ಅವರು ಹೇಳಿದ್ದನ್ನು ಮಾತ್ರ, ಹೇಳಿದ ಹಾಗೆಯೇ ಹೇಳುತ್ತೀರಿ. ಸೇರಿಸುವುದಿಲ್ಲ, ಬಿಡುವುದಿಲ್ಲ, ವಿವರಿಸುವುದಿಲ್ಲ. ಒಪ್ಪಿಗೆಯೇ?"

ಒಪ್ಪಿಗೆ ಎಂದೆ.

ಲಾಸಾದ ಭಾಗಕ್ಕೆ ಒಂದೂವರೆ ಗಂಟೆ ಹಿಡಿಯಿತು. ಯಾಂಗ್ಚೆನ್ ಮೇಜಿನ ಅಂಚನ್ನು ನೋಡುತ್ತ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಕಡೆ ನನ್ನ ದನಿ ನಿಂತುಹೋಯಿತು. ಅಧಿಕಾರಿ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಯಾಂಗ್ಚೆನ್ "ನೀರು ಕುಡೀರಿ ಅಕ್ಕ" ಅಂದಳು. ಅದನ್ನೂ ಅನುವಾದ ಮಾಡಬೇಕೋ ಬೇಡವೋ ತಿಳಿಯದೆ ಮಾಡಿದೆ. ಅಧಿಕಾರಿ ಸ್ವಲ್ಪ ನಕ್ಕಳು. ಅವಳು ನಂಬಿದ್ದಾಳೆ ಎಂದು ಆಗ ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಆಮೇಲೆ ಅವಳು ಆ ಪತ್ರವನ್ನು ತೆಗೆದಳು.

"ಈ ಕನ್ನಡ ಎನ್ನುವುದು ಎಲ್ಲಿಯ ಭಾಷೆ?"

ಯಾಂಗ್ಚೆನ್ ಹೇಳಿದಳು, ಕರ್ನಾಟಕದ್ದು, ಇಂಡಿಯಾದಲ್ಲಿ.

"ನೀವು ಸ್ವಂತ ಭಾಷೆ ಬಿಟ್ಟು ಇದರಲ್ಲಿ ಸಂದರ್ಶನ ಕೊಡುವಷ್ಟು ಚೆನ್ನಾಗಿ ಬಲ್ಲಿರಾ?"

"ಬರ್ತದೆ."

ಅಧಿಕಾರಿ ಓದತೊಡಗಿದಳು, ಒಂದೊಂದೇ ಸಾಲು, ನಿಧಾನವಾಗಿ. ನಾನು ಬರೆದ ಇಂಗ್ಲಿಷನ್ನು ಅವಳು ಓದಿದಳು. ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಯಾಂಗ್ಚೆನ್‌ಗೆ ಹೇಳಿದೆ. ಸ್ಟೇಜಿನ ಮೇಲೆ ಶಾಲು ಹೊದಿಸುವಾಗ ಆ ಮಾತುಗಳಿಗೆ ತೂಕವೇ ಇರಲಿಲ್ಲ. ಕರ್ನಾಟಕ ಆಕೆಯನ್ನು ತನ್ನ ಮಗಳೆಂದು ಸ್ವೀಕರಿಸಿತು. ಅಲ್ಲಿ ಆಕೆ ಮನೆ ಮಾಡಿ, ಶಾಶ್ವತವಾಗಿ ನೆಲೆಯೂರಿ, ನಮ್ಮೆಲ್ಲರಂತೆ ಬಾಳಿದಳು. ಶಾಶ್ವತವಾಗಿ ಎಂಬ ಮಾತು ಮೂಲದಲ್ಲಿ ಇರಲೇ ಇಲ್ಲ. ಇಂಗ್ಲಿಷಿನಲ್ಲಿ ಸಾಲು ಬೋಳಾಗಿ ಕಂಡಿತೆಂದು ನಾನೇ ಸೇರಿಸಿದ್ದೆ.

"ಇದಕ್ಕೆ ಸಹಿ ಹಾಕಿದವರು ನಿಮಗೆ ಗೊತ್ತೇ?"

"ಗೊತ್ತು. ದೊಡ್ಡ ಮನುಷ್ಯರು."

"ಇದರಲ್ಲಿರುವುದು ನಿಜವೇ?"

ಯಾಂಗ್ಚೆನ್ ನನ್ನ ಮುಖ ನೋಡಿದಳು. ಇಷ್ಟು ಹೊತ್ತು ಒಮ್ಮೆಯೂ ನೋಡಿರಲಿಲ್ಲ. ನಾನು ಕಣ್ಣಿನಲ್ಲೂ ಏನೂ ಹೇಳಬಾರದೆಂದು ಮೇಜು ನೋಡಿದೆ. ತನಗೆ ಶಾಲು ಹೊದಿಸಿದ ಮುದುಕರನ್ನು, ಪಕ್ಕದಲ್ಲಿ ಕೂತ ಅಕ್ಕನನ್ನು, ಅವಳು ಸರ್ಕಾರದ ಎದುರು ಸುಳ್ಳುಗಾರರೆಂದು ಹೇಗೆ ಹೇಳಿಯಾಳು?

"ನಿಜ" ಅಂದಳು.

"ನಿಜ" ಎಂದೆ ನಾನು, ಇಂಗ್ಲಿಷಿನಲ್ಲಿ.

"ಅಲ್ಲಿ ನಿಮಗೆ ಯಾರಾದರೂ ತೊಂದರೆ ಕೊಟ್ಟರೇ? ಪೊಲೀಸರು? ಅಕ್ಕಪಕ್ಕದ ಜನ?"

"ಇಲ್ಲ. ಒಳ್ಳೇ ಜನ." ಮತ್ತೆ ನನ್ನ ಮುಖ ನೋಡಿ, "ಕನ್ನಡದೋರು ಭಾಳ ಒಳ್ಳೇ ಜನ."

ಅದನ್ನೂ ಹೇಳಿದೆ. ಪೆನ್ನು ಬಹಳ ಹೊತ್ತು ಓಡಿತು.

ಎರಡು ವಾರ ಬಿಟ್ಟು ಉತ್ತರ ತೆಗೆದುಕೊಳ್ಳಲು ಹೋದೆವು. ಕಿಟಕಿಯಾಚೆಯಿಂದ ಒಂದು ಲಕೋಟೆ ಕೊಟ್ಟು, ಸಹಿ ಹಾಕಿಸಿಕೊಂಡು, ಮುಂದಿನವರನ್ನು ಕರೆದರು. ಕಾರಿನಲ್ಲಿ ಕೂತು ಓದಿದೆ. ಹೇಳಿದ್ದು ನಂಬಲರ್ಹವಾಗಿದೆ, ಆದರೆ ಇಲ್ಲಿಗೆ ಬರುವ ಮೊದಲೇ ಅರ್ಜಿದಾರಳು ಬೇರೊಂದು ದೇಶದಲ್ಲಿ ದೃಢವಾಗಿ ನೆಲೆಗೊಂಡಿದ್ದಳು. ಪ್ರಕರಣವನ್ನು ಜಡ್ಜ್ ಮುಂದೆ, ದೇಶದಿಂದ ಹೊರಹಾಕುವ ವಿಚಾರಣೆಗೆ ಕಳಿಸಲಾಗಿದೆ.

"ಏನಂತೆ ಅಕ್ಕ?"

"ಜಡ್ಜ್ ಹತ್ರ ಹೋಗಬೇಕಂತೆ."

"ನಂಬ್ಲಿಲ್ವಾ?"

"ನಂಬಿದ್ದಾರೆ."

"ನಂಬಿದ್ರೆ ಮತ್ತೆ?"

ಮೂರೂಕಾಲಾಗಿತ್ತು, ನಿಧಿಯ ಶಾಲೆ ಬಿಟ್ಟಿತ್ತು. ನಾನು ಕಾರು ಸ್ಟಾರ್ಟ್ ಮಾಡಿದೆ.

ಆಮೇಲೆ ದುಡ್ಡು ತೆಗೆದುಕೊಳ್ಳದೆ ಕೇಸು ನಡೆಸುವ ವಕೀಲೆ ಒಬ್ಬಳು ಸಿಕ್ಕಿದಳು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಫೈಲನ್ನೆಲ್ಲ ಓದಿ, ಬಳಗದ ಪತ್ರವನ್ನು ಬೇರೆಯಾಗಿ ಎತ್ತಿ ಹಿಡಿದಳು.

"ಇದನ್ನು ಬರೆದವರು ಯಾರು?"

"ನಾನು."

"ಯಾಕೆ ಹೀಗೆ ಬರೆದಿರಿ?"

ಸನ್ಮಾನ ಪತ್ರ ಎಂದರೇನೆಂದು ಅವಳಿಗೆ ಹೇಳಲು ನೋಡಿದೆ. ಶಾಲು, ಹಣ್ಣಿನ ಬುಟ್ಟಿ, ಎಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ ಅವಳು ಹೇಳಿದ್ದು ಇಷ್ಟು: ಓಡಿಬಂದ ದೇಶದಲ್ಲಿ ಜೀವಭಯ ಇತ್ತೇ ಎಂಬುದು ಒಂದು ಪ್ರಶ್ನೆ, ದಾರಿಯಲ್ಲಿ ಇನ್ನೊಂದು ದೇಶ ಶಾಶ್ವತವಾಗಿ ಇಟ್ಟುಕೊಂಡಿತ್ತೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೌದು ಎಂದಾದರೆ ಮೊದಲನೆಯದು ಎಷ್ಟೇ ನಿಜವಾಗಿರಲಿ, ಉಪಯೋಗವಿಲ್ಲ. ಇಂಡಿಯಾದಲ್ಲಿ ಯಾಂಗ್ಚೆನ್‌ಗೆ ಇದ್ದದ್ದು ವರ್ಷ ವರ್ಷ ಪೊಲೀಸ್ ಆಫೀಸಿನಲ್ಲಿ ನಿಂತು ಮುದ್ರೆ ಹಾಕಿಸಿಕೊಳ್ಳಬೇಕಾದ ಒಂದು ಕಾಗದ. ಜಮೀನು ಕೊಳ್ಳುವಂತಿಲ್ಲ. ಹೊರಡುವಾಗ ಪಾಸ್‌ಪೋರ್ಟಿನ ಬದಲು ಕೊಟ್ಟ ಹಳದಿ ಪುಸ್ತಕದಲ್ಲಿ ವಾಪಸ್ಸು ಬರುವ ಅನುಮತಿ ಯಾವತ್ತೋ ಮುಗಿದಿತ್ತು. ಇಂಡಿಯಾ ಅವಳನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಇದ್ಯಾವುದನ್ನೂ ನಾವು ಹೇಳಿರಲಿಲ್ಲ. ನಾವು ಕೊಟ್ಟದ್ದು ಮನೆಮಗಳ ಪತ್ರ.

"ಈಗ ಆ ಸಂಘದವರೇ ಇನ್ನೊಂದು ಪತ್ರ ಕೊಡಬೇಕು" ಎಂದಳು ವಕೀಲೆ. "ಆಕೆ ನಿಮ್ಮವಳಲ್ಲ ಎಂದು. ಕಾರಣಗಳ ಸಹಿತ."

ಭಾನುವಾರ ದತ್ತಾತ್ರೇಯ ಅಂಕಲ್ ಮನೆಗೆ ಹೋದೆ. ಅವರ ಹೆಂಡತಿ ರೇಣುಕಾದೇವಿ ಆಂಟಿ ಕಾಫಿ ತಂದಿಟ್ಟರು. ನಾನು ಎಲ್ಲ ಹೇಳಿ ಮುಗಿಸುವವರೆಗೂ ಅಂಕಲ್ ಕಾಫಿ ಮುಟ್ಟಲಿಲ್ಲ.

"ಸರಿಯಾಗಿ ಹೇಳಮ್ಮ. ಬಳಗದ ಲೆಟರ್‌ಹೆಡ್ ಮೇಲೆ, ಅವಳು ಕನ್ನಡದೋಳಲ್ಲ ಅಂತ ನಾನು ಸೈನ್ ಮಾಡ್ಬೇಕು."

"ಕನ್ನಡದೋಳಲ್ಲ ಅಂತಲ್ಲ ಅಂಕಲ್. ನಮ್ಮಲ್ಲಿ ಅವಳಿಗೆ ಹಕ್ಕು ಇರಲಿಲ್ಲ ಅಂತ."

"ನಾವು ಅವರಿಗೆ ಜಾಗ ಕೊಟ್ವಿ. ಕಾಡು ಕೊಟ್ವಿ, ನೀರು ಕೊಟ್ವಿ. ಯಾವ ದೇಶ ಕೊಡ್ತು ಹೇಳು? ಈ ದೇಶ ಕೊಡ್ತಾ? ಬಾಗಿಲಲ್ಲಿ ಗಡಿಯಾರ ಹಿಡ್ಕೊಂಡು ನಿಂತಿದ್ದಾರೆ, ಒಂದು ವರ್ಷ ಆಯ್ತಾ ಇಲ್ವಾ ಅಂತ. ಇವರ ಮುಂದೆ ಹೋಗಿ, ನಮ್ಮ ಕರ್ನಾಟಕದೋರು ಕೆಟ್ಟೋರು, ಅವಳನ್ನ ಸರಿಯಾಗಿ ನೋಡ್ಕೊಳ್ಲಿಲ್ಲ ಅಂತ ನಾನು ಬರ್ಕೊಡ್ಬೇಕಾ?"

ಅವರು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಅದೇ ತೊಂದರೆ.

"ಅವಳ ಮಗಳು ಅಲ್ಲಿದೆ ಅಂಕಲ್. ಎಂಟು ವರ್ಷ."

"ಗೊತ್ತಮ್ಮ." ಅವರು ಗೋಡೆಯ ಕಡೆ ನೋಡಿದರು. ಯಾಂಗ್ಚೆನ್‌ಗೆ ಶಾಲು ಹೊದಿಸುತ್ತಿರುವ ಫೋಟೋ ಆಗಲೇ ಅಲ್ಲಿ ತೂಗುತ್ತಿತ್ತು. "ಬೇರೆ ಏನು ಬೇಕಾದ್ರೂ ಕೇಳು. ಕೋರ್ಟಿಗೆ ಕರ್ಕೊಂಡು ಹೋಗು ಅಂದ್ರೆ ನಾನೇ ಡ್ರೈವ್ ಮಾಡ್ತೀನಿ. ಆ ಕಾಗದಕ್ಕೆ ಮಾತ್ರ ನನ್ನ ಕೈ ಬರಲ್ಲ."

ಬಾಗಿಲ ಹತ್ತಿರ ಆಂಟಿ ಒಂದು ಡಬ್ಬಿ ಚಕ್ಕುಲಿ ಕೊಟ್ಟರು. "ನೀನೇ ಬರೆದು ನೀನೇ ಸೈನ್ ಮಾಡು. ಇವರು ಬರೆದ್ರೂ ಅದರಲ್ಲಿ ಹಾಡೇ ಇರತ್ತೆ" ಎಂದು ಮೆಲ್ಲಗೆ ಹೇಳಿದರು.

ವಕೀಲೆಗೆ ಫೋನ್ ಮಾಡಿದೆ. ಆಗಬಹುದು ಎಂದಳು. ಆದರೆ ನಾನು ಸಾಕ್ಷಿಯಾದರೆ ದುಭಾಷಿಯಾಗುವಂತಿಲ್ಲ. ಕೋರ್ಟು ಟಿಬೆಟನ್ ದುಭಾಷಿಯನ್ನು ತಾನೇ ಕರೆಸುತ್ತದೆ. ಯಾಂಗ್ಚೆನ್ ಅಲ್ಲಿ ಕನ್ನಡ ಮಾತಾಡದಿದ್ದರೇ ಒಳ್ಳೆಯದು.

ಅವಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಪ್ರತೀಕನಿಗೆ ಇಡ್ಲಿ ತಿನ್ನಿಸುತ್ತಿದ್ದಳು.

"ಗಂಡಸಾ?"

"ಗೊತ್ತಿಲ್ಲ. ಹೆಂಗಸು ಬೇಕು ಅಂತ ಕೇಳಬಹುದಂತೆ. ಸಿಗದೇ ಇದ್ರೆ ಗಂಡಸು."

"ತಾರೀಖು?"

"ಮುಂದಿನ ವರ್ಷ ಅಕ್ಟೋಬರ್."

ಅವಳು ಬೆರಳು ಮಡಚಿದಳು. ತಿಂಗಳನ್ನು ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡೆ. "ಪಾಸಂಗ್‌ಗೆ ಒಂಬತ್ತು ಮುಗಿದಿರ್ತದೆ ಅಷ್ಟೊತ್ತಿಗೆ" ಅಂದಳು. ಇಡ್ಲಿಯ ತುಣುಕು ಕೈಯಲ್ಲೇ ಉಳಿದಿತ್ತು. ಪ್ರತೀಕ್ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

ಮರುಶನಿವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಹಳದಿ ಪ್ಯಾಡ್ ಇಟ್ಟುಕೊಂಡು ಕೂತೆವು. ಗುರುದತ್ ಬಂದಿದ್ದರು, ಮೇಲೆ ಮಲಗಿದ್ದರು. ನಿಧಿ ಟೀವಿಯ ಮುಂದೆ. ಯಾಂಗ್ಚೆನ್ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಪೊಲೀಸ್ ಆಫೀಸಿನ ಸಾಲು. ಮೈಸೂರಿನಲ್ಲಿ ಹೆಚ್ಚು ದಿನ ನಿಲ್ಲಲು ಕೇಳಬೇಕಾಗಿದ್ದ ಅನುಮತಿ. ಗಂಡ ಸತ್ತಾಗ ಕ್ಯಾಂಪಿನ ಹೊರಗೆ ಬಾಡಿಗೆಗೆ ಮನೆ ಕೇಳಿದರೆ ಯಾರೂ ಕೊಡದಿದ್ದದ್ದು.

"ಸಂದರ್ಶನದಲ್ಲಿ ಇದನ್ನೆಲ್ಲ ಯಾಕೆ ಹೇಳಲಿಲ್ಲ?" ಎಂದೆ. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು.

"ನಿಮ್ಮ ಎದುರಿಗಾ?" ಅಂದಳು. "ನೀವೇ ಅದನ್ನ ಇಂಗ್ಲಿಷಲ್ಲಿ ಹೇಳ್ಬೇಕಲ್ಲ ಅಕ್ಕ. ನಿಮ್ಮ ಊರೋರ ಮೇಲೆ ನಿಮ್ಮ ಬಾಯಿಂದಲೇ."

ನಾನು ಪೆನ್ನು ಕೆಳಗಿಟ್ಟೆ. ವಕೀಲೆ ಹೇಳಿದ್ದಳು, ನೀವು ಸಾಕ್ಷಿ ಎಂದರೆ ನೀವು ಕಣ್ಣಾರೆ ಕಂಡದ್ದೂ ಏನಾದರೂ ಇರಬೇಕು, ಬರೀ ಕೇಳಿದ್ದಲ್ಲ. ಅದನ್ನು ನಾನು ಇಷ್ಟು ದಿನ ಮುಂದೂಡಿದ್ದೆ.

"ನಾನು ಕಂಡದ್ದು ಒಂದಿದೆ" ಎಂದೆ. "ನಾನು ಚಿಕ್ಕೋಳಿದ್ದಾಗ ಮೈಸೂರಲ್ಲಿ ನಮ್ಮನೆಗೆ ಸ್ವೆಟರ್ ಮಾರೋರು ಬರ್ತಿದ್ರು. ನಿಮ್ಮ ಥರದೋರೇ, ಹೆಂಗಸರು. ಒಬ್ಬಳು ನೀರು ಕೇಳಿದ್ಲು. ನಮ್ಮಜ್ಜಿ ಲೋಟ ಕೊಡಲಿಲ್ಲ. ಕೈ ಬೊಗಸೆ ಮಾಡು ಅಂದು ಮೇಲಿಂದ ಹುಯ್ದರು. ಸ್ವೆಟರ್ ತಗೊಂಡ್ವಿ. ನಾನೇ ಹಾಕ್ಕೊಂಡೆ. ನೀಲಿ ಬಣ್ಣದ್ದು."

ಯಾಂಗ್ಚೆನ್ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹ್ಞೂಂ" ಅಂದಳು. "ಕೆಲವು ಮನೇಲಿ ಲೋಟ ಕೊಡೋರು, ಆಮೇಲೆ ಅದನ್ನ ತೊಳೆದು ಕೊಟ್ಟು ಹೋಗು ಅನ್ನೋರು. ಹುಯ್ಯೋದೇ ಬೇಗ ಆಗ್ತದೆ. ಬರೀರಿ."

ಬರೆದೆ. ನಮ್ಮ ಮನೆಯಲ್ಲಿ ಅವರು ಕುಡಿಯುವ ನೀರಿಗೂ ಲೋಟ ಸಿಗುತ್ತಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಕೈಗೆ ನೀರು ಹುಯ್ಯುತ್ತಿದ್ದರು. ಅವರನ್ನು ನಾವು ನಮ್ಮವರೆಂದು ಎಣಿಸಿರಲಿಲ್ಲ. ಇಂಗ್ಲಿಷಿನಲ್ಲಿ ಇಷ್ಟು ಬೋಳಾದ ಸಾಲುಗಳನ್ನು ನಾನು ಯಾವತ್ತೂ ಬರೆದವಳಲ್ಲ. ಏನಾದರೂ ಸೇರಿಸಬೇಕೆಂದು ಕೈ ತುಡಿಯಿತು. ಅಜ್ಜಿ ಬಡವರಿಗೆ ಊಟ ಹಾಕುತ್ತಿದ್ದರು, ಹಾಗೆ ಏನಾದರೂ. ಸೇರಿಸಲಿಲ್ಲ.

"ಓದಿ ಒಂದ್ಸಲ" ಅಂದಳು.

ಕನ್ನಡದಲ್ಲಿ ಓದಿ ಹೇಳಿದೆ.

"ಅಂಗಳದಲ್ಲಿ ಅಂತ ಬರೆದ್ರಾ?"

"ಹೌದು."

"ನಿಮ್ಮನೆಗೆ ಗೇಟು ಇತ್ತಾ ಅಕ್ಕ?"

ಇತ್ತು. ಕಬ್ಬಿಣದ್ದು, ಹಸಿರು ಬಣ್ಣ. ಅಜ್ಜಿ ಅದರ ಮೇಲಿಂದಲೇ ಚೊಂಬು ಬಗ್ಗಿಸಿದ್ದರು. ಗೇಟಿನ ಒಳಗಿದ್ದವಳು ನಾನು. ಆ ಹೆಂಗಸಿನ ಮೊಣಕೈಯಿಂದ ಇಳಿದ ನೀರು ರಸ್ತೆಯ ಮಣ್ಣಿಗೆ ಬೀಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು.

ಅಂಗಳ ಎಂದಿದ್ದನ್ನು ಹೊಡೆದುಹಾಕಿ, ಗೇಟಿನ ಹೊರಗೆ ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ, ತಾರೀಖು. ಯಾಂಗ್ಚೆನ್ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಓದಲು ಬರದ ಆ ಸಾಲುಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮಡಚಿ ಲಕೋಟೆಗೆ ಹಾಕಿದಳು. ಮೇಲಿನ ಕೋಣೆಯಿಂದ ಪ್ರತೀಕ್ ಎದ್ದು ಕೂಗಿದ, ನನ್ನನ್ನಲ್ಲ, ಅವಳನ್ನು, ಕನ್ನಡದಲ್ಲಿ. ಅವಳು ಒಂದು ಕ್ಷಣ ತಡೆದು, ಆಮೇಲೆ "ಬಂದೆ ಮರಿ" ಎಂದು ಮೆಟ್ಟಿಲು ಹತ್ತಿದಳು.